ಸ್ಟ್ರೆಂತ್ 18 ಅಂದ್ರೆ ಎಷ್ಟು ಕ್ವಿಂಟಲ್?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಟೇಬಲ್ ಮೇಲೆ ಆಡುವ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಪಾತ್ರದ ಮೈಬಲಕ್ಕೆ ಕೊಡುವ ನಂಬರ್‌ಗಳು ನಿಜಕ್ಕೆ ಎಷ್ಟು ಹತ್ತಿರ ಅಂತ. ಹೊಸಬರಿಗಾಗಿ ಎರಡು ಮಾತು: ಇಂಥ ಆಟದಲ್ಲಿ ಒಬ್ಬರು ಕಥೆ ನಡೆಸುತ್ತಾರೆ, ಅವರು ಡಿಎಂ. ಉಳಿದವರು ಒಂದೊಂದು ಪಾತ್ರ ಹಿಡಿಯುತ್ತಾರೆ. ಪಾತ್ರದ ಶಕ್ತಿ (ಸ್ಟ್ರೆಂತ್), ಚುರುಕು (ಡೆಕ್ಸ್ಟೆರಿಟಿ), ತಾಳಿಕೆ (ಕಾನ್‌ಸ್ಟಿಟ್ಯೂಷನ್) ಎಲ್ಲ ಒಂದು ಹಾಳೆಯ ಮೇಲೆ ನಂಬರ್ ಆಗಿ ಇರುತ್ತೆ. ಕಷ್ಟದ ಕೆಲಸ ಬಂದಾಗ ಡೈಸ್ ಹಾಕಿ, ಆ ನಂಬರಿನಿಂದ ಬರುವ ಮಾಡಿಫೈಯರ್ (ಕೂಡುವ ಅಥವಾ ಕಳೆಯುವ ಅಂಕಿ) ಸೇರಿಸಿ, ಆಯಿತೋ ಇಲ್ಲವೋ ನೋಡುತ್ತಾರೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ತಂದ ಡಂಜನ್ಸ್ ಅಂಡ್ ಡ್ರಾಗನ್ಸ್ ಈ ಬಗೆಯ ಆಟಗಳಿಗೆ ದಾರಿ ಹಾಕಿತು. ಹುಡುಗರು ಚಿಕ್ಕದಾಗಿ ಡಿ ಅಂಡ್ ಡಿ ಅಂತಾರೆ. ಬೇರೆ ಆಟದ ಹೆಸರು ಹೇಳದ ಕಡೆ 2014ರ ಐದನೇ ಆವೃತ್ತಿಯ ಡಿ ಅಂಡ್ ಡಿ ನಿಯಮ ಅಂತಲೇ ತಿಳಿಯಿರಿ.

ಪ್ರಶ್ನೆ: ಸರ್, ನನ್ನ ಪಾತ್ರದ ಸ್ಟ್ರೆಂತ್ 18. ನಮ್ಮ ಕಡೆ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ನನ್ನ ಪಾತ್ರ ಅವರಷ್ಟು ಗಟ್ಟಿನಾ, ಅವರಿಗಿಂತ ಜಾಸ್ತಿನಾ? ಲೆಕ್ಕ ಹಾಕಿ ಹೇಳ್ತೀರಾ?
(ಜಮಖಂಡಿಯ ಓದುಗರು)

ಉತ್ತರ: ಲೆಕ್ಕ ಹಾಕೋಣ. ಹಳೆಯ ಪದ್ಧತಿಯಲ್ಲಿ ಆರು ಮುಖದ ಮೂರು ಡೈಸ್ ಒಟ್ಟಿಗೆ ಹಾಕಿ ಸ್ಟ್ರೆಂತ್ ತೆಗೆಯುತ್ತಿದ್ದರು. ಮೂರು ಡೈಸ್ ಬೀಳುವ ಬಗೆಗಳು ಒಟ್ಟು 216. ಅದರಲ್ಲಿ 18 ಬರುವುದು ಒಂದೇ ಒಂದು ಬಗೆಯಲ್ಲಿ. ಅಂದ್ರೆ 216 ಜನರಲ್ಲಿ ಒಬ್ಬ. ಎರಡು ಸಾವಿರ ಮಂದಿ ಇರುವ ಹಳ್ಳಿಯಲ್ಲಿ ಒಂಬತ್ತು ಹತ್ತು ಜನ ಸಿಗುತ್ತಾರೆ. ಜಾತ್ರೆಯಲ್ಲಿ ಕಲ್ಲಿಗೆ ಕೈ ಹಾಕುವವರು ಒಂದು ಊರಿಗೆ ಹೆಚ್ಚು ಕಮ್ಮಿ ಅಷ್ಟೇ ಮಂದಿ ಅಲ್ವಾ? ಇಲ್ಲಿಯವರೆಗೆ ಆಟದ ಲೆಕ್ಕ ಸರಿಯಾಗಿಯೇ ಇದೆ.

ಮುಂದೆ ತೂಕಕ್ಕೆ ಬಂದಾಗ ತೊಡಕು ಶುರುವಾಗುತ್ತೆ. ನಿಯಮದ ಪ್ರಕಾರ ಸ್ಟ್ರೆಂತ್ ಅನ್ನು 30ರಿಂದ ಗುಣಿಸಿದರೆ ಎತ್ತಬಲ್ಲ ತೂಕ ಪೌಂಡಿನಲ್ಲಿ ಸಿಗುತ್ತೆ, 15ರಿಂದ ಗುಣಿಸಿದರೆ ಹೊತ್ತು ನಡೆಯಬಲ್ಲ ತೂಕ. ನಿಮ್ಮ 18ಕ್ಕೆ ಎತ್ತುವುದು 540 ಪೌಂಡ್, ಅಂದ್ರೆ ಸುಮಾರು 245 ಕೆಜಿ. ಮನುಷ್ಯ ಪಾತ್ರದ ಮಾಮೂಲಿ ಮಿತಿ 20, ಅದಕ್ಕೆ 600 ಪೌಂಡ್, 272 ಕೆಜಿ. ಆದರೆ 2016ರಲ್ಲಿ ಎಡ್ಡಿ ಹಾಲ್ ನೆಲದಿಂದ 500 ಕೆಜಿ ಎತ್ತಿ ನಿಂತರು. ಆಟದ ಅತಿ ಬಲಶಾಲಿ ಮನುಷ್ಯ ಅದರಲ್ಲಿ ಅರ್ಧ ದಾಟಿ ಸ್ವಲ್ಪ ಮುಂದೆ ಹೋಗುತ್ತಾನೆ, ಅಷ್ಟೇ. ಹಾಗಾಗಿ ಎತ್ತುವ ಲೆಕ್ಕದಲ್ಲಿ ಆಟ ಮನುಷ್ಯನನ್ನು ಕಡಿಮೆ ಅಂದಾಜು ಮಾಡಿದೆ.

ಹೊರುವುದರಲ್ಲಿ ಪೂರ್ತಿ ಉಲ್ಟಾ. ಸ್ಟ್ರೆಂತ್ 15 ಇದ್ದರೆ 225 ಪೌಂಡ್, 102 ಕೆಜಿ. ಒಂದು ಕ್ವಿಂಟಲ್ ಚೀಲ. ಎಪಿಎಂಸಿಯಲ್ಲಿ ಹಮಾಲರು ಕ್ವಿಂಟಲ್ ಚೀಲ ಬೆನ್ನಿಗೆ ಹಾಕಿಕೊಳ್ಳುವುದನ್ನು ಹತ್ತಿರದಿಂದ ನೋಡಿ. ಲಾರಿಯ ಮೇಲಿನವನು ಚೀಲವನ್ನು ಅಂಚಿಗೆ ತರುತ್ತಾನೆ, ಕೆಳಗಿನವನು ಬೆನ್ನು ಬಾಗಿಸಿ ಕೊಕ್ಕೆ ಚುಚ್ಚಿ ಹಿಡಿದು, ಭಾರ ಸರಿಯಾಗಿ ಸೊಂಟದ ಮೇಲೆ ಕೂತ ಮೇಲಷ್ಟೇ ಹೆಜ್ಜೆ ಎತ್ತುತ್ತಾನೆ. ಸಣ್ಣ ಸಣ್ಣ ಹೆಜ್ಜೆ, ಬೇಗ ಬೇಗ, ನಡುವೆ ನಿಲ್ಲುವ ಹಾಗಿಲ್ಲ. ಅಂಗಡಿಯೊಳಗೆ ಇಳಿಸಿ ಖಾಲಿ ಕೈಯಲ್ಲಿ ವಾಪಸ್ ಬರುತ್ತಾನೆ, ಆ ವಾಪಸ್ ನಡಿಗೆಯೇ ಅವನ ವಿಶ್ರಾಂತಿ. ಆಟದ ನಿಯಮ ಏನು ಹೇಳುತ್ತೆ ಅಂದ್ರೆ, ಅದೇ ಚೀಲ ಹೊತ್ತುಕೊಂಡು ಮಾಮೂಲಿ ವೇಗದಲ್ಲಿ ದಿನಕ್ಕೆ 24 ಮೈಲಿ, ಸುಮಾರು 39 ಕಿ.ಮೀ. ನಡೆಯಬಹುದು! ವಿಜಯಪುರದಲ್ಲಿ ಬೆಳಿಗ್ಗೆ ಚೀಲ ಹೊತ್ತು ಹೊರಟು ಸಂಜೆಗೆ ಬಸವನ ಬಾಗೇವಾಡಿ ಹತ್ತಿರ ಬಂದ ಹಾಗೆ. ಯಾರಿಂದಲೂ ಆಗದ ಕೆಲಸ.

ಹಾಗಾಗಿ ನಿಮ್ಮ ಪ್ರಶ್ನೆಗೆ ಒಂದು ಸಾಲಿನ ಉತ್ತರ ಸಿಗುವುದಿಲ್ಲ. ಎತ್ತುವ ಬಲ ಬೇರೆ, ಹೊರುವ ಬಲ ಬೇರೆ, ಹಿಡಿತ ಬೇರೆ. ಸಂಗ್ರಾಣಿ ಕಲ್ಲಿಗಂತೂ ಹಿಡಿಯಲು ಏನೂ ಇರುವುದಿಲ್ಲ. ಗುಂಡಗೆ, ನುಣ್ಣಗೆ ಇರುತ್ತೆ. ಮೊದಲು ತೊಡೆಗೆ ತರಬೇಕು, ಕೂತಲ್ಲೇ ಎದೆಗೆ ಅವಚಿಕೊಳ್ಳಬೇಕು, ಎದ್ದು ನಿಂತು ಹೆಗಲಿಗೆ ಏರಿಸಬೇಕು, ಆಮೇಲೆ ಹಿಂದಕ್ಕೆ ಚೆಲ್ಲಬೇಕು. ಒಂದು ಕ್ವಿಂಟಲ್ ದಾಟಿದ ಕಲ್ಲನ್ನು ಹೀಗೆ ಎತ್ತುವವನು ಜಿಮ್ ರಾಡಿನಲ್ಲಿ ಅದರ ಎರಡು ಪಟ್ಟು ಎತ್ತುವವನಿಗಿಂತ ಕಡಿಮೆ ಅಂತ ನಾನು ಯಾವತ್ತೂ ಒಪ್ಪುವುದಿಲ್ಲ. ನಿಮ್ಮ 18ರ ಪಾತ್ರ ಊರ ಜಾತ್ರೆಯ ಆ ಒಂಬತ್ತು ಹತ್ತು ಜನರಲ್ಲಿ ಒಬ್ಬ ಅಂತ ಇಟ್ಟುಕೊಳ್ಳಿ, ಸಾಕು. ಕೆಜಿ ಲೆಕ್ಕವನ್ನು ಅಷ್ಟಾಗಿ ನಂಬಬೇಡಿ. ಮತ್ತೆ ಪುಸ್ತಕದಲ್ಲೇ ಐಚ್ಛಿಕ ನಿಯಮ ಒಂದಿದೆ: ಹೊರೆ ಸ್ಟ್ರೆಂತ್‌ನ 5 ಪಟ್ಟು ಪೌಂಡ್ ದಾಟಿದರೆ ನಡಿಗೆ ನಿಧಾನ ಆಗುತ್ತೆ, 10 ಪಟ್ಟು ದಾಟಿದರೆ ಇನ್ನೂ ನಿಧಾನ, ಡೈಸ್ ಕೂಡ ಕೈಕೊಡುತ್ತೆ. ಸ್ಟ್ರೆಂತ್ 15ಕ್ಕೆ ಅದು 34 ಕೆಜಿ ಮತ್ತು 68 ಕೆಜಿ. ಇದು ಹಮಾಲರ ನಿಜಕ್ಕೆ ಎಷ್ಟೋ ಹತ್ತಿರ. ಹೆಚ್ಚಿನ ಟೇಬಲ್‌ಗಳಲ್ಲಿ ಬೇಸರ ಅಂತ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ, ಏನು ಹೊರಬೇಕು, ಏನು ಬಿಟ್ಟು ಹೋಗಬೇಕು ಅನ್ನುವ ಜಗಳದಲ್ಲೇ ಅರ್ಧ ಕಥೆ ಹುಟ್ಟುತ್ತೆ.

ಪ್ರಶ್ನೆ: ಸರ್, ನಾನು ತಾಲೀಮಿಗೆ ಹೋಗುವವನು. ಆಟದಲ್ಲೂ ಪೈಲ್ವಾನನನ್ನೇ ಮಾಡಿದ್ದೇನೆ, ಸ್ಟ್ರೆಂತ್ 20. ಕಳೆದ ವಾರ ಸ್ಟ್ರೆಂತ್ 8ರ ಮಂತ್ರವಾದಿ ಪಾತ್ರ ನನ್ನನ್ನು ಕುಸ್ತಿಯಲ್ಲಿ ಚಿತ್ ಮಾಡಿತು. ಡೈಸ್ ಹಂಗ ಬಿತ್ತು, ಏನ್ ಮಾಡೂದು ಅಂತ ಡಿಎಂ ಅಂದ. ನನಗೆ ಊಟ ಸೇರಲಿಲ್ಲ. ಇದು ನ್ಯಾಯನಾ?
(ಬೆಳಗಾವಿಯ ಓದುಗರು)

ಉತ್ತರ: ನಿಮ್ಮ ಸಿಟ್ಟು ಸರಿಯಾಗಿದೆ ತಮ್ಮಾ. ನಿಮ್ಮ ಡಿಎಂ ನಿಯಮ ತಪ್ಪಿಲ್ಲ, ಆದರೆ ಆ ನಿಯಮ ಇಲ್ಲಿ ಒಗ್ಗುವುದಿಲ್ಲ.

ಸ್ಟ್ರೆಂತ್ 20ಕ್ಕೆ ಸಿಗುವುದು +5, 8ಕ್ಕೆ −1. ಇಬ್ಬರ ನಡುವಿನ ಅಂತರ ಬರೀ 6. ಹಾಕುವ ಡೈಸ್‌ಗೆ ಮಾತ್ರ 20 ಮುಖ. ಇಬ್ಬರೂ ಒಂದೊಂದು ಸಲ ಹಾಕಿದರೆ ಒಟ್ಟು 400 ಬಗೆ, ಅದರಲ್ಲಿ 91 ಬಗೆಯಲ್ಲಿ ಮಂತ್ರವಾದಿ ಗೆಲ್ಲುತ್ತಾನೆ. ನೂರಕ್ಕೆ ಸುಮಾರು 23 ಸಲ. ಮಣ್ಣಿನ ಅಖಾಡಕ್ಕೆ ಇಳಿದವರು ಯಾರಾದರೂ ಇದನ್ನು ಒಪ್ಪುತ್ತಾರಾ? ಜನ್ಮದಲ್ಲಿ ದಂಡ ಹೊಡೆಯದ, ಬೈಠಕ್ ತೆಗೆಯದ ಹುಡುಗ ನೂರಕ್ಕೆ 23 ಸಲ ಪೈಲ್ವಾನನನ್ನು ಕೆಡವುತ್ತಾನೆ ಅಂದ್ರೆ ಉಸ್ತಾದರು ತಾಲೀಮಿನ ಬಾಗಿಲು ಹಾಕಿಕೊಂಡು ಹೋಗಬೇಕಾಗುತ್ತೆ.

ಇಲ್ಲಿ ಎರಡು ವಿಷಯ ಸೇರಿಕೊಂಡಿವೆ. ಒಂದು, ನಿಮ್ಮ ಪೈಲ್ವಾನನ ಹಾಳೆಯಲ್ಲಿ ಅಥ್ಲೆಟಿಕ್ಸ್ ತರಬೇತಿ ಬರೆದಿದೆಯಾ ನೋಡಿ. ಇಲ್ಲದಿದ್ದರೆ ಅವನು ಬರೀ ದಷ್ಟಪುಷ್ಟ ಮನುಷ್ಯ, ಪೈಲ್ವಾನ ಅಲ್ಲ. ನಿಮಗೇ ಗೊತ್ತಲ್ಲ, ಕುತ್ತಿಗೆಗೆ ಕೈ ಹಾಕಿ ಎದುರಿನವನ ಭಾರ ಯಾವ ಕಾಲಿನ ಮೇಲಿದೆ ಅಂತ ಅಳೆಯುವ ಆ ಮೊದಲ ಕ್ಷಣದಲ್ಲೇ ಅರ್ಧ ಕುಸ್ತಿ ಮುಗಿದಿರುತ್ತೆ. ಆ ವಿದ್ಯೆಗೆ +3 ಹಾಕಿದರೆ ಅಂತರ 9 ಆಗುತ್ತೆ, ಮಂತ್ರವಾದಿಯ ಗೆಲುವು ನೂರಕ್ಕೆ 14ಕ್ಕೆ ಇಳಿಯುತ್ತೆ.

ಎರಡನೆಯದು ಇನ್ನೂ ಮುಖ್ಯ. ಒಂದು ಕುಸ್ತಿ ಅಂದ್ರೆ ಒಂದು ಡೈಸ್ ಅಲ್ಲ. ಹಿಡಿತ ಸಿಗಬೇಕು, ಪಟ್ಟು ಹಾಕಬೇಕು, ಕೆಡವಬೇಕು, ಬೆನ್ನು ಮಣ್ಣಿಗೆ ಮುಟ್ಟಿಸಬೇಕು. ಹಾಗಾಗಿ ಮೂರು ಸಲ ಡೈಸ್ ಹಾಕಿ, ಎರಡು ಸಲ ಗೆದ್ದವನು ಗೆದ್ದ ಅಂತ ಮಾಡಿ, ಸಮ ಬಿದ್ದರೆ ಮತ್ತೆ ಹಾಕಿ. ತರಬೇತಿಯೂ ಸೇರಿದ ಮೇಲೆ ಮಂತ್ರವಾದಿಯ ಗೆಲುವು ನೂರಕ್ಕೆ 5ರ ಸುತ್ತಮುತ್ತ ಬಂದು ನಿಲ್ಲುತ್ತೆ. ಆ ಐದು ಇರಲಿ. ಕಾಲು ಜಾರುವುದು, ಕಣ್ಣಿಗೆ ಮಣ್ಣು ಬೀಳುವುದು ಅಖಾಡದಲ್ಲೂ ಇದೆ. ಹಾಗೆ ಗೆದ್ದರೆ ಅದು ಊರೆಲ್ಲ ಮಾತಾಡುವ ಸುದ್ದಿ ಆಗುತ್ತೆ.

ಕೈ ಪಂಜದಂಥ ಬರೀ ಬಲದ ಪಂದ್ಯಕ್ಕೆ ನಾನು ಡೈಸೇ ಹಾಕಿಸುವುದಿಲ್ಲ. ಇಬ್ಬರ ಸ್ಟ್ರೆಂತ್ ನಡುವೆ ನಾಲ್ಕಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಬಲ ಇದ್ದವನೇ ಗೆದ್ದ, ಮುಗೀತು. ಗೊತ್ತಿರುವ ಉತ್ತರಕ್ಕೆ ಡೈಸ್ ಯಾಕೆ ಕೇಳಬೇಕು?

ಮೈ ಗಾತ್ರದ ಬಗ್ಗೆಯೂ ಹೇಳಬೇಕು. ಡಿ ಅಂಡ್ ಡಿಯಲ್ಲಿ 55 ಕೆಜಿಯ ಮನುಷ್ಯ, 110 ಕೆಜಿಯ ಮನುಷ್ಯ ಇಬ್ಬರೂ ಒಂದೇ ಅಳತೆಯವರು. 1978ರ ರೂನ್‌ಕ್ವೆಸ್ಟ್ ಮತ್ತು 1981ರ ಕಾಲ್ ಆಫ್ ಕ್ತುಲು ಆಟಗಳಲ್ಲಿ ಗಾತ್ರಕ್ಕೇ ಒಂದು ಬೇರೆ ನಂಬರ್ ಇದೆ. ಹೊಡೆತದ ಭಾರವೂ, ಹೊಡೆತ ತಿನ್ನುವ ಶಕ್ತಿಯೂ ಅದರಿಂದ ಬದಲಾಗುತ್ತೆ. ಕುಸ್ತಿಯನ್ನು ತೂಕ ನೋಡಿ ಜೋಡಿ ಹಾಕುವ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ: ಬಂಡೆ ಹತ್ತಲು ಸ್ಟ್ರೆಂತ್ ಬೇಕು ಅಂತ ನಿಯಮ. ನಮ್ಮೂರಿಗೆ ಬಂಡೆ ಹತ್ತಲು ಬರುವವರೆಲ್ಲ ಸಣಕಲು ಮೈಯವರು! ಡೆಕ್ಸ್ಟೆರಿಟಿ ಇಡಬಾರದಾ?
(ಬಾದಾಮಿಯ ಓದುಗರು)

ಉತ್ತರ: ಬಾದಾಮಿಯವರ ಕಣ್ಣಿಗೆ ಇದು ಬೀಳದೆ ಇರುತ್ತಾ? ಆದರೆ ಆ ಸಣಕಲು ಮೈಯವರ ಕೈ ಒಮ್ಮೆ ಹಿಡಿದು ನೋಡಿ. ಬೆರಳುಗಳು ಕಬ್ಬಿಣದ ಹಾಗೆ ಇರುತ್ತವೆ. ಅವರಿಗೆ ಬಲ ಇಲ್ಲ ಅಂತಲ್ಲ, ಹೊರಬೇಕಾದ ತಮ್ಮದೇ ಮೈ ಹಗುರ. ಆ ಕೆಂಪು ಮರಳುಗಲ್ಲಿನ ಗೋಡೆಯಲ್ಲಿ ಎರಡು ಬೆರಳು ಹಿಡಿಯುವಷ್ಟು ಅಂಚಿನ ಮೇಲೆ ಇಡೀ ಮೈ ನೇತಾಡುವಾಗ 100 ಕೆಜಿಯ ಪೈಲ್ವಾನನ ತೋಳುಗಳೇ ಅವನಿಗೆ ಭಾರ ಆಗುತ್ತವೆ.

ಡೆಕ್ಸ್ಟೆರಿಟಿಗೆ ಬದಲಾಯಿಸಿದರೆ ಇನ್ನೊಂದು ತಪ್ಪಾಗುತ್ತೆ. ಕಾಲಿಡುವ ಜಾಗ ಹುಡುಕುವುದು ಚುರುಕಿನ ಕೆಲಸ, ನಿಜ. ಆದರೆ ಮೇಲಕ್ಕೆ ಎಳೆದುಕೊಳ್ಳುವುದು ಬಲದ ಕೆಲಸವೇ. ನನ್ನ ಸಲಹೆ ಸರಳ: ಸ್ಟ್ರೆಂತ್ ಇರಲಿ, ಆದರೆ ಭಾರೀ ಮೈಯವನಿಗೆ ಮತ್ತು ಹೊರೆ ಹೊತ್ತವನಿಗೆ ಡೈಸಿನಿಂದ 2 ಅಥವಾ 4 ಕಳೆಯಿರಿ. ಉಕ್ಕಿನ ಕವಚ ತೊಟ್ಟವನು ಆ ಗೋಡೆ ಹತ್ತುತ್ತೇನೆ ಅಂದರೆ ಕವಚ ಬಿಚ್ಚಿಡಪ್ಪ ಅಂತ ಹೇಳಿ. ಐದನೇ ಆವೃತ್ತಿಯಲ್ಲಿ ಆ ಕವಚದ ತೂಕ 65 ಪೌಂಡ್, 29 ಕೆಜಿಗಿಂತ ಜಾಸ್ತಿ. ಬಿಚ್ಚಿಟ್ಟು ಹತ್ತಿದ ಮೇಲೆ ಮೇಲಿರುವ ಶತ್ರುವಿನ ಮುಂದೆ ಬರೀ ಅಂಗಿಯಲ್ಲಿ ನಿಲ್ಲಬೇಕಾಗುತ್ತೆ. ನಿಜದ ಲೆಕ್ಕ ಹಿಡಿದಿದ್ದಕ್ಕೆ ಆಟ ಹೀಗೆ ರಂಗೇರಬೇಕು.

ಪ್ರಶ್ನೆ: ಹಾಗಾದ್ರೆ ಬಿಲ್ಲಿಗೆ ಯಾಕೆ ಡೆಕ್ಸ್ಟೆರಿಟಿ?
(ಅದೇ ಓದುಗರು)

ಉತ್ತರ: ಗುರಿ ಅಂದ್ರೆ ಚುರುಕು ಅಂತ ಆಟ ಮಾಡಿದವರು ಅಂದುಕೊಂಡರು. ಯುದ್ಧದ ಬಿಲ್ಲು ಎಳೆಯಲು ಬೇಕಾದದ್ದು ಬೆನ್ನು ಮತ್ತು ಹೆಗಲು. 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಮೇರಿ ರೋಸ್ ಹಡಗನ್ನು 1982ರಲ್ಲಿ ಮೇಲೆತ್ತಿದರು. ಅದರಲ್ಲಿ ಸಿಕ್ಕ ಬಿಲ್ಲುಗಳನ್ನು ಪೂರ್ತಿ ಎಳೆಯಲು ಸುಮಾರು 100ರಿಂದ 185 ಪೌಂಡ್ ಬಲ ಬೇಕಿತ್ತು ಅಂತ ಅಂದಾಜು. 45ರಿಂದ 84 ಕೆಜಿ. ಜೊತೆಗೆ ಸಿಕ್ಕ ಕೆಲವು ಅಸ್ಥಿಪಂಜರಗಳ ಹೆಗಲಿನ ಮೂಳೆಯಲ್ಲೇ ಬದಲಾವಣೆ ಕಂಡಿತ್ತು, ಚಿಕ್ಕಂದಿನಿಂದ ಬಿಲ್ಲು ಎಳೆದದ್ದೇ ಕಾರಣ ಇರಬೇಕು ಅನ್ನುತ್ತಾರೆ. ಹಾಗಾಗಿ ನಿಮ್ಮ ಟೇಬಲ್‌ನಲ್ಲಿ ದೊಡ್ಡ ಬಿಲ್ಲಿಗೆ ಕನಿಷ್ಠ ಸ್ಟ್ರೆಂತ್ 13 ಅಂತ ಇಡಿ. ಗುರಿಗೆ ಡೆಕ್ಸ್ಟೆರಿಟಿಯೇ ಇರಲಿ.

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಕಾಲೇಜು ಗುಂಪಿನಲ್ಲಿ ನಾನೊಬ್ಬಳೇ ಹುಡುಗಿ. ನಾನು ಯೋಧೆ ಪಾತ್ರ ಮಾಡಿ ಸ್ಟ್ರೆಂತ್ 18 ಇಟ್ಟೆ. ಗೆಳೆಯನೊಬ್ಬ "ಹೆಣ್ಣು ಪಾತ್ರಕ್ಕೆ ಅಷ್ಟು ಇಡೋದು ರಿಯಲಿಸ್ಟಿಕ್ ಅಲ್ಲ, 14ಕ್ಕೆ ಇಳಿಸು" ಅಂತ ಹಟ ಹಿಡಿದಿದ್ದಾನೆ. ಹಳೆಯ ಪುಸ್ತಕದಲ್ಲಿ ಹಾಗೇ ಇತ್ತಂತೆ. ಹೌದಾ?
(ವಿಜಯಪುರದ ಓದುಗರು)

ಉತ್ತರ: ಇತ್ತು. 1978ರ ಅಡ್ವಾನ್ಸ್ಡ್ ಡಿ ಅಂಡ್ ಡಿ ಪುಸ್ತಕದಲ್ಲಿ ಯೋಧರಿಗೆ 18ರ ಮೇಲೆ ಮತ್ತೆ ನೂರರ ಲೆಕ್ಕದಲ್ಲಿ ಇನ್ನೊಂದು ನಂಬರ್ ಇತ್ತು. ಮನುಷ್ಯ ಗಂಡಿಗೆ ಪೂರ್ತಿ ನೂರು, ಹೆಣ್ಣಿಗೆ ಐವತ್ತಕ್ಕೆ ಮಿತಿ. ಗಮನಿಸಿ, ಆ ಪುಸ್ತಕ ಕೂಡ ಮನುಷ್ಯ ಹೆಣ್ಣನ್ನು 14ಕ್ಕೆ ನಿಲ್ಲಿಸಲಿಲ್ಲ. 1989ರ ಎರಡನೇ ಆವೃತ್ತಿಯಲ್ಲಿ ಆ ಮಿತಿಯನ್ನೇ ತೆಗೆದುಹಾಕಿದರು, ಆಮೇಲೆ ಮತ್ತೆ ಬರಲಿಲ್ಲ. ಸರಿಯಾದ ಕೆಲಸ ಮಾಡಿದರು.

ಸರಾಸರಿ ಗಂಡಸು ಸರಾಸರಿ ಹೆಂಗಸಿಗಿಂತ ಜಾಸ್ತಿ ಭಾರ ಎತ್ತುತ್ತಾನೆ, ಅದರಲ್ಲಿ ವಾದ ಇಲ್ಲ. ಆದರೆ ತಂಗೀ, ನೀವು ಮಾಡಿರುವ ಪಾತ್ರ ಸರಾಸರಿ ಹೆಂಗಸಲ್ಲವಲ್ಲ. ನಿಮ್ಮ ಗೆಳೆಯನ ಪಾತ್ರವೂ ಸರಾಸರಿ ಗಂಡಸಲ್ಲ. ಸರಾಸರಿ ಮಂದಿ ರಾಕ್ಷಸರ ಗುಹೆಗೆ ಹೋಗುವುದಿಲ್ಲ, ಹೊಲಕ್ಕೋ ಅಂಗಡಿಗೋ ಹೋಗುತ್ತಾರೆ. ಕಥೆಗೆ ಬರುವವರು ಆ 216ರಲ್ಲಿ ಒಬ್ಬರು.

ಆ ಹುಡುಗನಿಗೆ ಲೆಕ್ಕವೇ ಬೇಕು ಅಂದ್ರೆ ಲೆಕ್ಕ ಕೊಡಿ. ಆಟದ ನಿಯಮದಲ್ಲಿ ಓಡಿ ಬಂದು ಹಾರಿದರೆ ಸ್ಟ್ರೆಂತ್ ಎಷ್ಟೋ ಅಷ್ಟು ಅಡಿ ಉದ್ದ. ಗಂಡಾಗಲಿ ಹೆಣ್ಣಾಗಲಿ, ಮನುಷ್ಯನ ಮಿತಿ 20 ಅಡಿ, 6.1 ಮೀಟರ್. ಅಂಜು ಬಾಬಿ ಜಾರ್ಜ್ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಹಾರಿದ್ದು 6.83 ಮೀಟರ್, 22 ಅಡಿಗಿಂತ ಜಾಸ್ತಿ. ಆಟದ ಅತಿ ಬಲಶಾಲಿ ಗಂಡಸನ್ನು ಕೇರಳದ ಹೆಣ್ಣುಮಗಳು ಎರಡು ಅಡಿ ಹಿಂದೆ ಹಾಕಿದ್ದಾರೆ. ಕರ್ಣಂ ಮಲ್ಲೇಶ್ವರಿ 2000ರ ಸಿಡ್ನಿಯಲ್ಲಿ ತಲೆಯ ಮೇಲೆ 130 ಕೆಜಿ ಎತ್ತಿ ನಿಲ್ಲಿಸಿದರು. ಮೀರಾಬಾಯಿ ಚಾನು ಟೋಕಿಯೋದಲ್ಲಿ 49 ಕೆಜಿ ವಿಭಾಗದಲ್ಲಿ 115 ಕೆಜಿ ಎತ್ತಿದರು, ತಮ್ಮ ಮೈತೂಕದ ಎರಡು ಪಟ್ಟಿಗಿಂತ ಜಾಸ್ತಿ. ನಿಮ್ಮ ಗುಂಪಿನ ಎಷ್ಟು ಹುಡುಗರು ಆ ಬಾರ್ ಅನ್ನು ನೆಲ ಬಿಡಿಸಿ ಮಂಡಿಯವರೆಗೆ ತರುತ್ತಾರೆ ಕೇಳಿ.

ಮತ್ತೆ ಇನ್ನೊಂದು ಮಾತು. ಬೆಂಕಿ ಉಗುಳುವ ಡ್ರಾಗನ್‌ಗೆ, ಸತ್ತವರನ್ನು ಎಬ್ಬಿಸುವ ಮಂತ್ರಕ್ಕೆ ಯಾರೂ ರಿಯಲಿಸಂ ಕೇಳುವುದಿಲ್ಲ, ಟೇಬಲ್‌ನಲ್ಲಿ ಕೂತ ಒಬ್ಬಳೇ ಹುಡುಗಿಯ ಹಾಳೆಗೆ ಮಾತ್ರ ಕೇಳುತ್ತಾರೆ ಅಂದ್ರೆ, ಅಲ್ಲಿ ನಡೆಯುತ್ತಿರುವುದು ಆಟದ ಚರ್ಚೆ ಅಲ್ಲ. ನಿಮ್ಮ 18 ಹಾಗೇ ಇರಲಿ. ಡಿಎಂ ಇದನ್ನು ಬಾಯಿಬಿಟ್ಟು ಹೇಳಬೇಕು, ನಿಮ್ಮ ಮೇಲೆ ಬಿಡಬಾರದು.

ಪ್ರಶ್ನೆ: ಗೋಕಾಕ ಫಾಲ್ಸ್ ಮೇಲಿಂದ ಬಂಡೆ ಮೇಲೆ ಬಿದ್ದರೆ ಯಾರೂ ಉಳಿಯೋದಿಲ್ಲ. ನಮ್ಮ ಆಟದಲ್ಲಿ ಅಂಥದ್ದೇ ಜಾಗದಿಂದ ಬಿದ್ದ ಯೋಧ ಎದ್ದು ಧೂಳು ಕೊಡವಿಕೊಂಡು ಹೋದ. ಹಿಟ್ ಪಾಯಿಂಟ್ ಅಂದ್ರೆ ಮಾಂಸನಾ, ಏನು?
(ಗೋಕಾಕದ ಓದುಗರು)

ಉತ್ತರ: ಗೋಕಾಕ ಜಲಪಾತದ ಎತ್ತರ 52 ಮೀಟರ್, 171 ಅಡಿ. ಪ್ರತಿ 10 ಅಡಿಗೆ ಆರು ಮುಖದ ಒಂದು ಡೈಸ್ ಪೆಟ್ಟು ಅಂತ ನಿಯಮ, ಹಾಗಾಗಿ 17 ಡೈಸ್, ಸರಾಸರಿ 60ರ ಹತ್ತಿರ. ಹತ್ತನೇ ಲೆವೆಲ್ಲಿನ, ಕಾನ್‌ಸ್ಟಿಟ್ಯೂಷನ್ 16 ಇರುವ ಯೋಧನಿಗೆ ಸರಾಸರಿ ಲೆಕ್ಕದಲ್ಲಿ 94 ಹಿಟ್ ಪಾಯಿಂಟ್, ಅಂದ್ರೆ 94 ಪೆಟ್ಟು ತಡೆಯುವ ತಾಕತ್ತು. 34 ಉಳಿಸಿಕೊಂಡು ಎದ್ದು ನಡೆಯುತ್ತಾನೆ. ನೀವು ನೋಡಿದ್ದು ಇದನ್ನೇ.

ಹಿಟ್ ಪಾಯಿಂಟ್ ಅಂದ್ರೆ ಬರೀ ಮಾಂಸ ಅಲ್ಲ, ಅನುಭವ, ಅದೃಷ್ಟ, ಪೆಟ್ಟು ತಪ್ಪಿಸಿಕೊಳ್ಳುವ ಚಾಕಚಕ್ಯತೆ ಎಲ್ಲ ಸೇರಿದ್ದು ಅಂತ ಗೈಗ್ಯಾಕ್ಸ್ 1979ರಲ್ಲೇ ಬರೆದಿದ್ದರು. ಕತ್ತಿ ಕಾಳಗದಲ್ಲಿ ಆ ವಿವರಣೆ ಚೆನ್ನಾಗಿ ಕೂರುತ್ತೆ. ಬೀಳುವುದಕ್ಕೆ ಕೂರುವುದಿಲ್ಲ. ನೆಲದಿಂದ ತಪ್ಪಿಸಿಕೊಳ್ಳುವ ಚಾಕಚಕ್ಯತೆ ಯಾರಿಗಿದೆ? ಹಾಗಾಗಿ ನಾನು ಕೊಡುವ ಉಪಾಯ: ಪೆಟ್ಟಿನ ಡೈಸ್ ಹಾಗೇ ಇರಲಿ, ಜೊತೆಗೆ 30 ಅಡಿ ದಾಟಿದರೆ ಮೂಳೆ ಮುರಿತ, 100 ಅಡಿ ದಾಟಿ ಕಲ್ಲಿನ ಮೇಲೆ ಬಿದ್ದರೆ ಸಾವು. ಮುಖ್ಯ ಏನಂದ್ರೆ ಇದನ್ನು ಅಂಚಿಗೆ ಹೋಗುವ ಮೊದಲೇ ಆಟಗಾರರಿಗೆ ಹೇಳಿ. ಆಗ ಅಂಚು ನಿಜವಾಗಿಯೂ ಅಂಚಾಗುತ್ತೆ, ಹಗ್ಗಕ್ಕೆ ಬೆಲೆ ಬರುತ್ತೆ. ಬಿದ್ದ ಮೇಲೆ ಹೇಳಿದರೆ ಜಗಳ.

ಪ್ರಶ್ನೆ: ನಾವು ಇಂಜಿನಿಯರಿಂಗ್ ಹುಡುಗರು ಸೇರಿ ಆದಿಲ್‌ಶಾಹಿ ಕಾಲದ ವಿಜಯಪುರದ ಮೇಲೆ ನಮ್ಮದೇ ಆಟ ಮಾಡುತ್ತಿದ್ದೇವೆ. ಮೈಬಲಕ್ಕೇ 14 ನಂಬರ್ ಇಟ್ಟಿದ್ದೇವೆ: ತೋಳು, ಕಾಲು, ಬೆನ್ನು, ಹಿಡಿತ, ಉಸಿರು, ಕಣ್ಣು ಹೀಗೆ. ರಿಯಲಿಸ್ಟಿಕ್ ಆಗಿದೆ, ಆದರೆ ಒಂದು ಕಾಳಗಕ್ಕೆ ಇಡೀ ಸಂಜೆ ಹೋಗುತ್ತೆ. ಎಷ್ಟಕ್ಕೆ ಇಳಿಸಬೇಕು?
(ಬಾಗಲಕೋಟೆಯ ಓದುಗರು)

ಉತ್ತರ: ನಾಲ್ಕಕ್ಕೆ. ಕಸುವು, ಚುರುಕು, ದಮ್ಮು, ಗಾತ್ರ.

ಕಾರಣ ಹೇಳುತ್ತೇನೆ. ಸೈನ್ಯದ ಭರ್ತಿಗೆ ತಯಾರಿ ಮಾಡುವ ಹುಡುಗರನ್ನು ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಯ ಮೈದಾನಗಳಲ್ಲಿ ಬೆಳಿಗ್ಗೆ ಐದಕ್ಕೇ ನೋಡಬಹುದು. ಅಲ್ಲಿ ಪರೀಕ್ಷೆ ಏನೇನು? 1.6 ಕಿ.ಮೀ. ಓಟ, ಬೀಮ್ ಹಿಡಿದು ಮೈ ಎಳೆಯುವುದು, 9 ಅಡಿ ಹಳ್ಳ ಹಾರುವುದು, ಅಂಕುಡೊಂಕು ಹಲಗೆಯ ಮೇಲೆ ಬೀಳದೆ ನಡೆಯುವುದು. ಇಷ್ಟು ದೊಡ್ಡ ಸೈನ್ಯ ಮೈದಾನದಲ್ಲಿ ಹುಡುಗನ ಮೈ ಪರೀಕ್ಷಿಸಲು ನಾಲ್ಕು ಸಾಕು ಅಂದುಕೊಂಡಿದೆ. ಓಟದಲ್ಲಿ ಮೊದಲು ಬಂದವನು ಬೀಮ್ ಮೇಲೆ ಆರಕ್ಕೇ ಕೈ ಬಿಡುವುದು, ಹತ್ತು ಎಳೆದವನು ಓಟದ ಕೊನೆಯ ಸುತ್ತಿನಲ್ಲಿ ಹೊಟ್ಟೆ ಹಿಡಿದುಕೊಂಡು ಕೂರುವುದು ಅಲ್ಲಿ ದಿನಾ ನಡೆಯುತ್ತೆ. ಹಾಗಾಗಿ ದಮ್ಮು ಮತ್ತು ಕಸುವು ಬೇರೆ ಬೇರೆ ಇರಲೇಬೇಕು. ಆದರೆ ತೋಳು ಗಟ್ಟಿ ಇದ್ದವನ ಬೆನ್ನೂ ಹಿಡಿತವೂ ಸಾಮಾನ್ಯವಾಗಿ ಗಟ್ಟಿಯೇ, ಅವನ್ನು ಮೂರು ನಂಬರ್ ಮಾಡಿ ಏನೂ ಸಿಗುವುದಿಲ್ಲ. (ಅಂದ ಹಾಗೆ, ಡಿ ಅಂಡ್ ಡಿಯಲ್ಲಿ ಸ್ಟ್ರೆಂತ್ 9 ಇರುವ ಯಾವ ಅಂಗಡಿಕಾರನೂ ಆ 9 ಅಡಿ ಹಳ್ಳವನ್ನು ಡೈಸ್ ಹಾಕದೆಯೇ ಪ್ರತಿ ಸಲ ಹಾರುತ್ತಾನೆ.)

ನಿಜದ ಹತ್ತಿರ ಬರಬೇಕು ಅಂದ್ರೆ ನಂಬರ್ ಜಾಸ್ತಿ ಮಾಡಬೇಡಿ, ಇರುವ ನಂಬರ್ ಆಟದ ನಡುವೆ ಇಳಿಯುವ ಹಾಗೆ ಮಾಡಿ. 1977ರ ಟ್ರಾವೆಲರ್ ಆಟ ನೋಡಿ. ಅಲ್ಲಿ ಹಿಟ್ ಪಾಯಿಂಟ್ ಇಲ್ಲ. ಪೆಟ್ಟು ಬಿದ್ದರೆ ಬಲ, ಚುರುಕು, ತಾಳಿಕೆಯ ನಂಬರೇ ಇಳಿಯುತ್ತೆ. ಗಾಯ ಆದವನ ಕೈ ಸೋಲುತ್ತೆ, ಕಾಲು ನಿಧಾನ ಆಗುತ್ತೆ. ಡಿ ಅಂಡ್ ಡಿಯಲ್ಲಿ ಒಂದೇ ಪಾಯಿಂಟ್ ಉಳಿದವನೂ ಪೂರ್ತಿ ಬಲದಿಂದ ಹೊಡೆಯುತ್ತಾನೆ. ಮೂರೇ ನಂಬರಿನಲ್ಲಿ ಟ್ರಾವೆಲರ್ ಸಾಧಿಸಿದ್ದು ನಿಮ್ಮ ಹದಿನಾಲ್ಕಕ್ಕಿಂತ ಜಾಸ್ತಿ. 1986ರ ಗರ್ಪ್ಸ್ ಆಟದ ಈಗಿನ ನಾಲ್ಕನೇ ಆವೃತ್ತಿಯನ್ನೂ ನೋಡಿ. ಅಲ್ಲಿ ಹೊರುವ ತೂಕ ಬಲದ ವರ್ಗದಂತೆ ಏರುತ್ತೆ, ಅಂದ್ರೆ ಬಲ ಎರಡು ಪಟ್ಟಾದರೆ ಹೊರೆ ನಾಲ್ಕು ಪಟ್ಟು. ಹೊರೆ ಹೆಚ್ಚಿದಂತೆ ನಡಿಗೆ ಹಂತ ಹಂತವಾಗಿ ಇಳಿಯುತ್ತೆ, ಸುಸ್ತಿಗೂ ಲೆಕ್ಕ ಇದೆ. ಇಂಜಿನಿಯರಿಂಗ್ ಹುಡುಗರಿಗೆ ಹಿಡಿಸುತ್ತೆ.

ಆದಿಲ್‌ಶಾಹಿ ಅಂದಮೇಲೆ ನಿಮ್ಮ ಆಟದಲ್ಲಿ ಮಲಿಕ್-ಎ-ಮೈದಾನ್ ತೋಪು ಬರಲೇಬೇಕಲ್ಲ? 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಅದನ್ನು ಎಳೆಯಲು 400 ಎತ್ತು, 10 ಆನೆ, ನೂರಾರು ಮಂದಿ ಬೇಕಾಯಿತು ಅಂತ ಹೇಳುತ್ತಾರೆ. ಡಿ ಅಂಡ್ ಡಿ ನಿಯಮದಲ್ಲಿ ಸ್ಟ್ರೆಂತ್ 10ರ ಸಾಮಾನ್ಯ ಮನುಷ್ಯ 300 ಪೌಂಡ್ ಎಳೆಯಬಲ್ಲ, 136 ಕೆಜಿ. ಭಾಗಾಕಾರ ಮಾಡಿದರೆ ಬರೀ 404 ಜನ ಸಾಕು, ಒಂದು ಎತ್ತೂ ಬೇಡ! ನಿಜದಲ್ಲಿ ಹಾಗಾಗುವುದಿಲ್ಲ. ಹಗ್ಗಕ್ಕೆ ಕೈ ಹಾಕುವವರು ಜಾಸ್ತಿ ಆದಷ್ಟೂ ಒಬ್ಬೊಬ್ಬರ ಪಾಲಿನ ಎಳೆತ ಕಡಿಮೆ ಆಗುತ್ತೆ. ಫ್ರಾನ್ಸಿನ ಇಂಜಿನಿಯರ್ ರಿಂಗಲ್‌ಮನ್ 1913ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಎಂಟು ಜನ ಸೇರಿದಾಗ ಒಬ್ಬೊಬ್ಬನಿಂದ ಸಿಕ್ಕಿದ್ದು ಅವನ ಬಲದ ಅರ್ಧದಷ್ಟು. ಎಲ್ಲರೂ ಒಂದೇ ಗಳಿಗೆಗೆ ಎಳೆಯುವುದಿಲ್ಲ, ಪಕ್ಕದವನು ಎಳೀತಾನೆ ಅಂತ ಕೆಲವರು ಸಡಿಲ ಬಿಡುತ್ತಾರೆ. ಈ ಒಂದು ನಿಯಮ ನಿಮ್ಮ ಆಟಕ್ಕೆ ಹಾಕಿ ನೋಡಿ: ಗುಂಪಿನ ಬಲ ಅಂದ್ರೆ ಎಲ್ಲರ ಬಲದ ಅರ್ಧ, ಆದರೆ ಒಬ್ಬ ಮುಂದೆ ನಿಂತು ಕೂಗಿ ತಾಳ ಹಾಕಿಸಿದರೆ ಮುಕ್ಕಾಲು. ಆ ಕೂಗುವ ಕೆಲಸ ನಿಮ್ಮ ಗುಂಪಿನಲ್ಲಿ ಕಸುವು ಇಲ್ಲದ ಪಾತ್ರಕ್ಕೆ ಸಿಗಲಿ.

ಪ್ರಶ್ನೆ: ನನಗೆ 61 ವರ್ಷ. ಮೊಮ್ಮಕ್ಕಳ ಜೊತೆ ಆಡುತ್ತೇನೆ. ನನ್ನ ವಯಸ್ಸಿನ ಪಾತ್ರ ಮಾಡಿದರೆ ಬಲ ಎಷ್ಟು ಕಡಿಮೆ ಇಡಬೇಕು?
(ಇಳಕಲ್ಲಿನ ಓದುಗರು)

ಉತ್ತರ: ಹಿರಿಯರೇ, ನಿಮ್ಮ ಪತ್ರ ಓದಿ ಬಹಳ ಖುಷಿಯಾಯಿತು. ಐದನೇ ಆವೃತ್ತಿ ಏನೂ ಕಡಿಮೆ ಮಾಡಿ ಅನ್ನುವುದಿಲ್ಲ. ಮೂರನೇ ಆವೃತ್ತಿಯಲ್ಲಿ ಮನುಷ್ಯರಿಗೆ 35ಕ್ಕೆ ಮೈಯ ಮೂರು ನಂಬರಿನಿಂದ 1, 53ಕ್ಕೆ ಇನ್ನೂ 2 ಕಳೆದು, ಬುದ್ಧಿ ಕಡೆಯ ಮೂರಕ್ಕೆ ಪ್ರತಿ ಸಲವೂ 1 ಸೇರಿಸುತ್ತಿದ್ದರು. ಹಾಗೆ ನೋಡಿದರೆ ನಿಮ್ಮ ಪಾತ್ರಕ್ಕೆ ಬಲದಲ್ಲಿ 3 ಕಮ್ಮಿ. ಟ್ರಾವೆಲರ್ ಇನ್ನೂ ಕಠಿಣ, 34ಕ್ಕೇ ವಯಸ್ಸಿನ ಡೈಸ್ ಹಾಕಿಸುತ್ತೆ.

ನಾನಾಗಿದ್ದರೆ ಬಲ 1 ಕಳೆದು, ದಮ್ಮು 3 ಕಳೆಯುತ್ತಿದ್ದೆ, ಕಲಿತ ವಿದ್ಯೆಗೆ ಕೈ ಹಚ್ಚುತ್ತಿರಲಿಲ್ಲ. ಹೊಲದಲ್ಲಿ ದುಡಿದ ಅರವತ್ತರ ಕೈ ಹಿಡಿತ ಹುಡುಗರದಕ್ಕಿಂತ ಗಟ್ಟಿ ಇರುತ್ತೆ, ಆದರೆ ಮೆಟ್ಟಿಲು ಹತ್ತುವಾಗ ನಡುವೆ ಒಮ್ಮೆ ನಿಲ್ಲಬೇಕಾಗುತ್ತೆ. ಮೊಮ್ಮಕ್ಕಳ ಪಾತ್ರಗಳು ಮುಂದೆ ಓಡಿ ಹೋಗಲಿ. ಯಾವ ಬಾಗಿಲು ತೆರೆಯಬಾರದು ಅಂತ ನಿಮ್ಮ ಪಾತ್ರಕ್ಕೆ ಗೊತ್ತಿರಲಿ.

ಪ್ರಶ್ನೆ: ಪೌಂಡು, ಅಡಿ ತಲೆಗೆ ಹತ್ತೋದಿಲ್ಲ. ಕೆಜಿಯಲ್ಲೇ ಆಡಬಹುದಾ?
(ನಿಪ್ಪಾಣಿಯ ಓದುಗರು)

ಉತ್ತರ: ಧಾರಾಳವಾಗಿ. ಎತ್ತುವುದಕ್ಕೆ ಸ್ಟ್ರೆಂತ್ ಅನ್ನು 14ರಿಂದ ಗುಣಿಸಿ. ಸ್ವಲ್ಪ ದೂರ ಹೊರುವುದಕ್ಕೆ 7ರಿಂದ. ದಿನವಿಡೀ ಹೊತ್ತು ನಡೆಯುವುದಕ್ಕೆ 2ರಿಂದ. ಸ್ಟ್ರೆಂತ್ 10ಕ್ಕೆ 140, 70, 20 ಕೆಜಿ ಆಯಿತು. ಕಾಳಗದ ನಕ್ಷೆಯ ಒಂದು ಚೌಕ 5 ಅಡಿ, ಅದನ್ನು ಒಂದೂವರೆ ಮೀಟರ್ ಅಂತ ಹಿಡಿಯಿರಿ.